ದೇವದುರ್ಗದ ತಗಡು, ಬಾಲ್ಟಿಮೋರಿನ ಕಾಗದ

ವಿಮಾನ ಇಳಿದ ಮೇಲೆ

ನನ್ನ ಸೂಟ್‌ಕೇಸಿನಲ್ಲಿ ನಾಲ್ಕು ಪಂಚೆ, ಒಂದು ಡಬ್ಬಿ ಶೇಂಗಾ ಹಿಂಡಿ, ಎರಡು ಕಟ್ಟು ಖಡಕ್ ರೊಟ್ಟಿ ಮತ್ತು ದೇವದುರ್ಗದ ಒಂದು ಕಟಿಂಗ್ ಅಂಗಡಿಯ ಬೋರ್ಡು ಇದ್ದವು. ಅಮೆರಿಕದ ಕಸ್ಟಮ್ಸ್ ಅಧಿಕಾರಿ ರೊಟ್ಟಿಯನ್ನು ಮೂಸಿ ನೋಡಿ ಪಕ್ಕಕ್ಕಿಟ್ಟ. ಹಿಂಡಿಯ ಮುಚ್ಚಳ ತೆಗೆದು ಎರಡು ಸಲ ಸೀನಿದ. ಬೋರ್ಡನ್ನು ಮಾತ್ರ ಎರಡೂ ಕೈಯಲ್ಲಿ ಎತ್ತಿ ಹಿಡಿದು ಬಹಳ ಹೊತ್ತು ನೋಡುತ್ತ ನಿಂತ.

ತಗಡಿನ ತುಂಬ ನೀಲಿ ಬಣ್ಣ. ನಡುವೆ ಕುಂಬಳಕಾಯಿಯಷ್ಟು ತಲೆ, ಅದರ ಕೆಳಗೆ ಗೇಣುದ್ದದ ಮೈ. ಓರೆಯಾಗಿ ಕೂತ ಟೋಪಿ, ಕೊರಳಲ್ಲಿ ಬಾವಿ ಹಗ್ಗದಷ್ಟು ದಪ್ಪನೆಯ ಬಂಗಾರದ ಸರ. ಕೆಳಗೆ 'ಮಲ್ಲಪ್ಪ ಹೇರ್ ಕಟಿಂಗ್' ಎಂಬ ಅಕ್ಷರಗಳು ಅರ್ಧ ಅಳಿಸಿಹೋಗಿದ್ದವು.

ಈತ ಯಾರೆಂದು ಗೊತ್ತೇ ಎಂದು ಅಧಿಕಾರಿ ಕೇಳಿದ. ಗೊತ್ತಿಲ್ಲವೆಂದೆ. ನಮ್ಮ ಕಡೆ ಈತ ವರ್ಷಗಟ್ಟಲೆ ಕಟಿಂಗ್ ಅಂಗಡಿಯೊಂದರ ಬಾಗಿಲ ಮೇಲೆ ಇದ್ದ, ನಮ್ಮ ಪರಿಚಯ ಅಷ್ಟೇ ಎಂದು ನನ್ನ ಮಾಸ್ತರಿಕೆಯ ಇಂಗ್ಲಿಷಿನಲ್ಲಿ ವಿವರಿಸಿದೆ. ಆತ ಪಕ್ಕದ ಮೇಜಿನವನನ್ನು ಕರೆದು ತೋರಿಸಿದ. ಇಬ್ಬರೂ ನಕ್ಕರು. ಆಮೇಲೆ ಆ ದೊಡ್ಡ ಮೈಯ ಅಧಿಕಾರಿ ಮೇಜಿನ ಮೇಲೆ ಬೆರಳಿಂದ ತಾಳ ಹಾಕುತ್ತ, ಉಸಿರು ಬಿಡದೆ ನಾಲ್ಕು ಸಾಲು ಹೇಳಿ ಹೆಸರೊಂದನ್ನು ಉಚ್ಚರಿಸಿದ. ಅಷ್ಟು ವರ್ಷ ಕಂಡ ಮುಖಕ್ಕೆ ಒಂದು ಹೆಸರಿತ್ತೆಂದು ನನಗೆ ಗೊತ್ತಾಗಿದ್ದು ಅಲ್ಲಿ. ಆ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಆತ ಈಗಿಲ್ಲ, ಅವನ ಮನೆಯವರು ಇದ್ದಾರೆ.

ಪೆಟ್ಟಿಗೆ ಮುಚ್ಚುವಾಗ ಅಧಿಕಾರಿ ಇನ್ನೊಂದು ಮಾತು ಕೇಳಿದ: "ಇವನು ಯಾವಾಗಲೂ ಕರಿ ಕನ್ನಡಕ ಹಾಕ್ಕೊಂಡೇ ಇರ್ತಿದ್ದ. ಕಣ್ಣು ಬರೆದವರು ಯಾರು?"

ಮಾನ್ವಿಯ ಖಾಜಾಸಾಬ್ ಎಂದು ಹೇಳಿ ಹೊರಬಿದ್ದೆ. ಎರಡು ದಿನದ ನಿದ್ದೆ ಕಣ್ಣಲ್ಲಿ ತುಂಬಿತ್ತು. ಹೊರಗಿನ ಬಿಸಿಲು, ಸದ್ದಿಲ್ಲದೆ ಜಾರುವ ಕಾರುಗಳು, ಅಷ್ಟೆತ್ತರದ ಜನ ಎಲ್ಲವೂ ಕೆರೆಯ ನೀರಿನೊಳಗಿಂದ ಕಂಡಂತೆ ತೇಲಾಡುತ್ತಿದ್ದವು. ಅಮೆರಿಕದಲ್ಲಿ ಇದ್ದಷ್ಟು ದಿನವೂ ಆ ತೇಲುವಿಕೆ ನನ್ನನ್ನು ಪೂರ್ತಿ ಬಿಡಲಿಲ್ಲ.

ರಾಯಚೂರು, ತೀನ್ ಕಂದೀಲ್

ನಾನು ರಾಯಚೂರಿನ ಒಂದು ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮಾಸ್ತರನಾಗಿದ್ದವನು. ಹೆಸರು ಗುರುರಾಜ, ಊರು ಮಾನ್ವಿ. ಅಜ್ಜ ಗುಡಿಯ ಸೇವೆಯಲ್ಲಿದ್ದರು, ಅಪ್ಪ ಸಂಸ್ಕೃತ ಕಲಿಸುತ್ತಿದ್ದರು. ದಾಸರ ಪದ, ತಂಬೂರಿಯ ಮನೆಯಲ್ಲಿ ಹುಟ್ಟಿದ ನನಗೆ ಪತ್ರಿಕೆಗಳಲ್ಲಿ ಬರುವ ವ್ಯಂಗ್ಯಚಿತ್ರಗಳ ಹುಚ್ಚು ಹೇಗೆ ಹತ್ತಿತೋ ತಿಳಿಯದು. ಮೊದಮೊದಲು ಕತ್ತರಿಸಿ ಇಟ್ಟುಕೊಳ್ಳುತ್ತಿದ್ದೆ. ಆಮೇಲೆ ಮುದ್ರಿತ ಚಿತ್ರ ಸಾಲದಾಯಿತು, ಕಲಾವಿದ ಕೈಯಾರೆ ಬರೆದ ಮೂಲ ಹಾಳೆಯೇ ಬೇಕೆನಿಸತೊಡಗಿತು. ನಿಂತುಹೋದ ವಾರಪತ್ರಿಕೆಗಳ ಕಚೇರಿಗಳಿಗೆ, ತೀರಿಹೋದ ಚಿತ್ರಕಾರರ ಮನೆಗಳಿಗೆ ಎಡತಾಕಿ ಒಂದು ಕಬ್ಬಿಣದ ಪೆಟ್ಟಿಗೆಯಷ್ಟು ಕೂಡಿಟ್ಟೆ.

ತೀನ್ ಕಂದೀಲ್ ವೃತ್ತದ ಹಿಂದಿನ ಗಲ್ಲಿಯಲ್ಲಿ ಒಂದು ರದ್ದಿ ಅಂಗಡಿ ಇತ್ತು. ಹೈದರಾಬಾದಿನಿಂದ ಪರದೇಶದ ಹಳೆಯ ಪತ್ರಿಕೆಗಳು ಕಟ್ಟು ಕಟ್ಟಾಗಿ ಅಲ್ಲಿಗೆ ಬಂದು ಬೀಳುತ್ತಿದ್ದವು. ನುಣುಪು ಕಾಗದ ಎಣ್ಣೆ ಹೀರುವುದಿಲ್ಲವೆಂದು ಮಿರ್ಚಿ ಬಜ್ಜಿಯವರು ಬೇಡವೆಂದ ಪತ್ರಿಕೆಗಳೆಲ್ಲ ಮೂಲೆಯಲ್ಲಿ ಉಳಿಯುತ್ತಿದ್ದವು. ಅವುಗಳಲ್ಲೊಂದು ಅಮೆರಿಕದ ಹಿಪ್ ಹಾಪ್ ಸಂಗೀತದ ಮಾಸಪತ್ರಿಕೆ. ಅದರ ಕೊನೆಯ ಪುಟದಲ್ಲಿ ಪ್ರತಿಸಲ ಒಬ್ಬ ರ‍್ಯಾಪರನ ವ್ಯಂಗ್ಯಚಿತ್ರ ಇರುತ್ತಿತ್ತು. ನನಗೆ ಆ ಸಂಗೀತ ಗೊತ್ತಿರಲಿಲ್ಲ, ಹಾಡುವವರ ಹೆಸರು ಓದಲೂ ಬರುತ್ತಿರಲಿಲ್ಲ. ಗೆರೆ ಮಾತ್ರ ಗೊತ್ತಾಗುತ್ತಿತ್ತು. ಟೋಪಿಯ ಅಂಚಿನಿಂದ ಹೊರಟ ಗೆರೆ ಎಲ್ಲೂ ನಿಲ್ಲದೆ ಮೂಗು, ತುಟಿ, ಗದ್ದ ದಾಟಿ ಭುಜದ ಮೇಲೆ ಇಳಿಯುತ್ತಿತ್ತು. ಕೆಳಗೆ ಸಹಿಯ ಜಾಗದಲ್ಲಿ ಇಂಗ್ಲಿಷಿನ ಒಂದೇ 'ಇ', ಅದಕ್ಕೆ ಅಳಿಲಿನ ಬಾಲದಂಥ ಉದ್ದ ಬಾಲ.

ಒಂದು ಭಾನುವಾರ ಅಂಥದೊಂದು ಪುಟಕ್ಕೆ ನಾನು ಕೈ ಹಾಕಿದಾಗ ಇನ್ನೊಂದು ಕೈಯೂ ಬಂತು. ಉಗುರಿನ ಸಂದಿಯಲ್ಲೆಲ್ಲ ಎನಾಮಲ್ ಬಣ್ಣ. ಅದು ಖಾಜಾಸಾಬನ ಕೈ. ಮಾನ್ವಿಯಲ್ಲಿ ಅಂಗಡಿ ಬೋರ್ಡು ಬರೆಯುವವನು, ಬಣ್ಣ ಒಯ್ಯಲು ರಾಯಚೂರಿಗೆ ಬಂದಿದ್ದ. ನಮ್ಮೂರಿನವನೇ ಆದರೂ ಅಲ್ಲಿಯತನಕ ಮಾತಾಡಿರಲಿಲ್ಲ. ನಿಂತ ನಿಲುವಿನಲ್ಲೇ ಒಪ್ಪಂದವಾಯಿತು: ಹಾಳೆ ನನಗೆ, ಗೆರೆ ಅವನಿಗೆ. ಅಂದಿನಿಂದ ಭಾನುವಾರಕ್ಕೊಮ್ಮೆ ಆತ ನನ್ನ ಮನೆಗೆ ಬಂದು, ನನ್ನ ಆಲ್ಬಮ್ಮು ತೆರೆದು ಕೂತು, ಸಿಗರೇಟು ಪಾಕೀಟಿನ ಹಿಂದೆ ಆ ಮುಖಗಳನ್ನು ಇಳಿಸಿಕೊಂಡು ಹೋಗುತ್ತಿದ್ದ. ಚಿತ್ರ ಬರೆದವರಿಗೆ ಅವನೇ ಒಂದು ಹೆಸರಿಟ್ಟ: ದುಮ್‌ವಾಲಾ ಸಾಬ್. ಬಾಲದ ಸಾಹೇಬರು.

ದೇವದುರ್ಗ

ಹೀಗಾಗಿ ಒಂದು ಕಾಲಕ್ಕೆ ದೇವದುರ್ಗದಿಂದ ಮಾನ್ವಿಯವರೆಗೆ ಅಮೆರಿಕದ ರ‍್ಯಾಪರುಗಳು ಯಾರಿಗೂ ಗೊತ್ತಾಗದೆ ಸಂಸಾರ ಹೂಡಿದ್ದರು. ಒಬ್ಬ ಟೇಲರ್ ಅಂಗಡಿಯ ಮೇಲೆ ಸೂಟು ತೊಟ್ಟು ನಿಂತಿದ್ದ. ಒಬ್ಬ ಸೈಕಲ್ ಶಾಪಿನ ಗೋಡೆಯ ಮೇಲೆ ಪಂಪು ಹಿಡಿದಿದ್ದ. ಚಿನ್ನದ ಹಲ್ಲಿನವನೊಬ್ಬ ಹಲ್ಲಿನ ವೈದ್ಯರ ಬೋರ್ಡಿನಲ್ಲಿ ನಗುತ್ತಿದ್ದ.

ದೇವದುರ್ಗದ ಮಲ್ಲಪ್ಪ ಮಾತ್ರ ತಕರಾರು ತೆಗೆದ. ಖಾಜಾ ಬರೆದುಕೊಟ್ಟ ಮುಖಕ್ಕೆ ಕರಿ ಕನ್ನಡಕ ಇತ್ತು. ಕುರುಡರ ಕೈಗೆ ಯಾರು ತಲೆ ಕೊಡುತ್ತಾರೆ, ಕಣ್ಣು ಬರೆದುಕೊಡು ಎಂದ. ಮೂಲದಲ್ಲಿ ಕಣ್ಣೇ ಇಲ್ಲವಲ್ಲ ಎಂದು ಖಾಜಾ ಎಷ್ಟು ಹೇಳಿದರೂ ಆತ ಕೇಳಲಿಲ್ಲ. ಕೊನೆಗೆ ಖಾಜಾ ತನ್ನ ಸ್ಕೂಟರಿನ ಕನ್ನಡಿಯನ್ನು ತಿರುವಿಟ್ಟುಕೊಂಡು, ಅದರಲ್ಲಿ ಕಂಡ ತನ್ನದೇ ಕಣ್ಣುಗಳನ್ನು ಆ ಮುಖಕ್ಕೆ ಬರೆದ. ಬೇಸರವೂ ನಗುವೂ ಕೂಡಿದ, ಸ್ವಲ್ಪ ಕೆಳಗೆ ಜಾರಿದ ಕಣ್ಣುಗಳು.

ಫ್ಲೆಕ್ಸ್ ಬಂದ ಮೇಲೆ ತಗಡಿನ ಬೋರ್ಡುಗಳು ಒಂದೊಂದಾಗಿ ಇಳಿದವು. ಖಾಜಾನ ಕೆಲಸ ಹೋಯಿತು. ಅದರ ಹಿಂದೆಯೇ ಕಣ್ಣೂ ಹೋಗತೊಡಗಿದವು. ಅವನ ಮನೆಯವರು ಕಾಲಾ ಮೋತಿಯಾ ಎನ್ನುತ್ತಾರೆ, ಡಾಕ್ಟರರು ಗ್ಲಾಕೋಮಾ. ಸುತ್ತಲಿನ ನೋಟ ಕುಗ್ಗುತ್ತ ಬಂದು ನಡುವೆ ಒಂದು ರೂಪಾಯಿ ಬಿಲ್ಲೆಯಷ್ಟು ಮಾತ್ರ ಉಳಿದಿತ್ತು. ಅದೂ ಹೆಚ್ಚು ದಿನ ಉಳಿಯಲಿಕ್ಕಿಲ್ಲವೆಂದು ಡಾಕ್ಟರರು ಹೇಳಿದ್ದರು. ಆ ಸುದ್ದಿ ಹೇಳಿದ ದಿನ ಖಾಜಾ ಅಳಲಿಲ್ಲ. "ಮಾಸ್ತರ, ಛಾಪಿಸಿದ್ದು ಭಾಳ ನೋಡೀನಿ. ದುಮ್‌ವಾಲಾ ಸಾಬರು ಕೈಲೆ ಬರದದ್ದು ಒಂದ ಒಂದು ನೋಡಿಲ್ಲ," ಎಂದ.

ಹಳೆಯ ಪತ್ರಿಕಾಚಿತ್ರ ಕೂಡಿಡುವವರ ಗುಂಪೊಂದು ಇಂಟರ್ನೆಟ್ಟಿನಲ್ಲಿದೆ. ಅಲ್ಲಿ ಬಾಲದ ಸಹಿಯ ಚಿತ್ರ ಹಾಕಿ ವಿಚಾರಿಸಿದೆ. ಈ ಕಲಾವಿದರು ಬಾಲ್ಟಿಮೋರಿನಲ್ಲಿದ್ದಾರೆ, ಆದರೆ ಯಾರಿಗೂ ಏನೂ ಮಾರುವುದಿಲ್ಲ, ವ್ಯರ್ಥ ಪ್ರಯತ್ನ ಎಂದು ಒಬ್ಬರು ವಿಳಾಸದ ಜೊತೆ ಎಚ್ಚರಿಕೆಯನ್ನೂ ಕೊಟ್ಟರು. 'ಪ್ರಿಯ ಸರ್' ಎಂದು ಕಾಗದ ಬರೆದೆ. ಎರಡು ತಿಂಗಳ ಮೇಲೆ ನಾಲ್ಕು ಸಾಲಿನ ಉತ್ತರ ಬಂತು. ಬರುವುದಾದರೆ ಬನ್ನಿ. ನನ್ನ ಬಳಿ ಐದು ಉಳಿದಿವೆ. ಒಂದೂ ಮಾರಾಟಕ್ಕಿಲ್ಲ. ಕೊಡೆ ತನ್ನಿ. ಕೆಳಗೆ ಆ ಬಾಲ.

ಹೊರಡುವ ಮುನ್ನ ದೇವದುರ್ಗಕ್ಕೆ ಹೋಗಿ ಮಲ್ಲಪ್ಪನನ್ನು ಕಂಡೆ. ಹಳೆಯ ಬೋರ್ಡು ಅಂಗಡಿಯ ಹಿಂದೆ ಬಚ್ಚಲಿಗೆ ಮರೆಯಾಗಿ ನಿಂತಿತ್ತು. ಬಾಲದ ಸಾಹೇಬರಿಗೆ ತೋರಿಸಬೇಕೆಂದು ಕೇಳಿದೆ, ಒರೆಸಿ ಕೊಟ್ಟ.

ಬಾಲ್ಟಿಮೋರ್, ತಪ್ಪಿದ ಸ್ಟಾಪು

ನಾನು ಇಳಿದುಕೊಂಡದ್ದು ಒಂದು ಮನೆಯ ಮಹಡಿ ಕೋಣೆಯಲ್ಲಿ. ಬೆಳಿಗ್ಗೆ ಎದ್ದು ಸ್ನಾನ, ಸಂಧ್ಯಾವಂದನೆ ಮುಗಿಸಿ, ಬೋರ್ಡನ್ನು ಹಾಸಿಗೆಯ ಚಾದರದಲ್ಲಿ ಸುತ್ತಿ ಕಂಕುಳಲ್ಲಿಟ್ಟು, ಕೊಡೆ ಹಿಡಿದು ಹೊರಟೆ. ಬಿಸಿಲು ನಮ್ಮದೇ ಬಿಸಿಲಿನಂತಿತ್ತು. ಆದರೆ ಸಮುದ್ರದ ತೇವ ಅದರಲ್ಲಿ ಕಲೆತು ಮೈಗೆ ಅಂಟುತ್ತಿತ್ತು. ಬಸ್ಸು ಹತ್ತಿದವನು ಕಿಟಕಿಗೆ ತಲೆ ಆನಿಸಿ ಹಾಗೇ ನಿದ್ದೆಹೋದೆ. ಕನಸಿನಲ್ಲಿ ಆ ಬಸ್ಸು ಗದ್ದೆಗಳ ನಡುವೆ ಕಾಲುವೆಯ ಏರಿ ಹಿಡಿದು ಹೋಗುತ್ತಿತ್ತು, ಕಂಡಕ್ಟರನು ಮಾನ್ವಿ, ಮಾನ್ವಿ ಎಂದು ಕೂಗುತ್ತಿದ್ದ. ಎಚ್ಚರಾದಾಗ ಬಸ್ಸು ಖಾಲಿಯಾಗಿತ್ತು. ಚಾಲಕಿ ಹಿಂದಿರುಗಿ ನೋಡಿ, "ಕೊನೆ ಸ್ಟಾಪ್, ಹನ್," ಎಂದಳು. ಆ ಊರಿನಲ್ಲಿ ಎಲ್ಲರನ್ನೂ ಹನ್ ಎನ್ನುತ್ತಾರೆ. ನಮ್ಮಲ್ಲಿ ಯಪ್ಪಾ, ಯವ್ವಾ ಎಂದ ಹಾಗೆ, ಪರಿಚಯ ಬೇಕಿಲ್ಲ, ವಯಸ್ಸು ಕೇಳುವುದಿಲ್ಲ.

ಇಳಿದ ಬೀದಿಯಲ್ಲಿ ಇಟ್ಟಿಗೆಯ ಮನೆಗಳು ಒಂದಕ್ಕೊಂದು ಭುಜ ತಾಗಿಸಿ ಸಾಲಾಗಿ ನಿಂತಿದ್ದವು. ಪ್ರತಿ ಬಾಗಿಲ ಮುಂದೆ ಮೂರು ನಾಲ್ಕು ಬಿಳಿ ಕಲ್ಲಿನ ಮೆಟ್ಟಿಲು. ಜನ ಒಳಗೆ ಕೂತಿರಲಿಲ್ಲ, ಆ ಮೆಟ್ಟಿಲುಗಳ ಮೇಲೆ ಕೂತಿದ್ದರು. ನಮ್ಮ ಕಟ್ಟೆಯೇ ಸರಿ. ಮುದುಕಿಯರು ಬೀಸಣಿಗೆ ಆಡಿಸುತ್ತ ಹೋಗಿಬರುವವರನ್ನು ಮೇಲಿಂದ ಕೆಳಗೆ ನೋಡುತ್ತಿದ್ದರು. ಪಂಚೆಯುಟ್ಟು ಚಾದರದ ಗಂಟು ಹಿಡಿದ ನನ್ನನ್ನು ಇಡೀ ಬೀದಿ ಓದಿ ಮುಗಿಸಿತು.

ಆಗ ಗೆಜ್ಜೆಯ ಸದ್ದು ಕೇಳಿಸಿತು. ನಿದ್ದೆ ಇನ್ನೂ ಬಿಟ್ಟಿಲ್ಲವೆಂದುಕೊಂಡೆ. ಮೂಲೆ ತಿರುಗಿ ಒಂದು ಕುದುರೆ ಗಾಡಿ ಬಂತು. ಕೆಂಪು ಚಕ್ರ, ಹಳದಿ ಛಾವಣಿ, ಕುದುರೆಯ ಕೊರಳಲ್ಲಿ ಗಂಟೆಗಳು, ಗಾಡಿಯ ತುಂಬ ಕಲ್ಲಂಗಡಿ ಮತ್ತು ಪೀಚ್ ಹಣ್ಣು. ಗಾಡಿಯ ಪಕ್ಕ ನಡೆಯುತ್ತಿದ್ದ ನರೆತ ಗಡ್ಡದವನು ಹಣ್ಣಿನ ಹೆಸರುಗಳನ್ನು ರಾಗವಾಗಿ ಕೂಗುತ್ತಿದ್ದ. ಗಾಡಿಯಲ್ಲಿಟ್ಟಿದ್ದ ರೇಡಿಯೋದಲ್ಲಿ ಇಬ್ಬರು ಗಂಡಸರು ಹಾಡುತ್ತಿದ್ದರು, ಇಲ್ಲ, ಜಗಳಾಡುತ್ತಿದ್ದರು, ಅದೂ ತಾಳ ತಪ್ಪದೆ. ಒಬ್ಬ ಸವಾಲು ಹಾಕಿದರೆ ಇನ್ನೊಬ್ಬ ಅದರ ಬಾಲ ಹಿಡಿದು ತಿರುಗಿ ಹೊಡೆಯುತ್ತಿದ್ದ. ಮೊಹರಮ್ಮಿನಲ್ಲಿ ಎರಡು ಊರಿನ ಮೇಳಗಳು ಎದುರುಬದುರು ನಿಂತು ರಿವಾಯತ್ ಪದ ಹೇಳುವಾಗ ಹೀಗೆಯೇ. ಖಾಜಾ ಅದರಲ್ಲಿ ಗಟ್ಟಿಗ. ಇಷ್ಟು ವರ್ಷ ನಾನು ಈ ಮುಖಗಳನ್ನು ಕೂಡಿಟ್ಟಿದ್ದೆ. ಬಾಯಿ ತೆರೆದ ಆ ಮುಖಗಳಿಂದ ಏನು ಹೊರಡುತ್ತಿತ್ತೆಂದು ಬೀದಿಯಲ್ಲಿ ನಿಂತು ಮೊದಲ ಸಲ ಕೇಳಿದೆ.

ವಿಳಾಸದ ಚೀಟಿ ತೋರಿಸಿದೆ. ಗಾಡಿಯವನು ಓದಿ, ತಾನೂ ಆ ಕಡೆಯೇ ಹೋಗುವುದಾಗಿ ಹೇಳಿದ. ಗಾಡಿಯ ಹಿಂದೆ ನಡೆಯುತ್ತ, ಒಂದು ಪೀಚ್ ತಿನ್ನುತ್ತ ಏಳೆಂಟು ಬೀದಿ ದಾಟಿದೆ. ಅಮೆರಿಕಕ್ಕೆ ಹೋಗಿ ಕುದುರೆ ಗಾಡಿಯ ಹಿಂದೆ ನಡೆದೆನೆಂದರೆ ರಾಯಚೂರಿನಲ್ಲಿ ಯಾರೂ ನಂಬುವುದಿಲ್ಲ.

ಬಿಳಿ ಮೆಟ್ಟಿಲ ಮನೆ

ಆ ಮನೆಯ ಮೆಟ್ಟಿಲ ಮೇಲೆ ಎಪ್ಪತ್ತೈದು ದಾಟಿದ, ಉದ್ದನೆಯ ಕಪ್ಪು ಹೆಂಗಸೊಬ್ಬಳು ಮೊಣಕಾಲೂರಿ ಬ್ರಶ್ಶಿನಿಂದ ಕಲ್ಲು ತಿಕ್ಕುತ್ತಿದ್ದಳು. ಗಾಡಿಯವನು ಆಕೆಗೆ ಎರಡು ಕಲ್ಲಂಗಡಿ ಕೊಟ್ಟು ಮುಂದೆ ಹೋದ. ನಾನು ಪುಸ್ತಕದ ಇಂಗ್ಲಿಷಿನಲ್ಲಿ, ಇಂಥ ಕಲಾವಿದರು ಮನೆಯಲ್ಲಿದ್ದಾರೆಯೇ, ನಾನು ಇಂಡಿಯಾದ ರಾಯಚೂರಿನಿಂದ ಬಂದವನು ಎಂದೆ.

ಆಕೆ ಸೊಂಟ ಹಿಡಿದು ಎದ್ದು ನಿಂತಳು. ಒದ್ದೆ ಕೈಯನ್ನು ಅಂಗಿಗೆ ಒರೆಸಿಕೊಂಡು, ತೋರುಬೆರಳಿನಿಂದ ಗಾಳಿಯಲ್ಲಿ ಒಂದು 'ಇ' ಬರೆದು ಅದಕ್ಕೆ ಬಾಲ ಎಳೆದಳು.

ಸರ್ ಎಂದು ಬರೆದದ್ದಕ್ಕೆ ಕ್ಷಮೆ ಕೇಳಿದೆ. ಆಕೆ ನಕ್ಕಳು. ಪತ್ರಿಕೆಯವರೂ ವರ್ಷಗಟ್ಟಲೆ ಹಾಗೆಯೇ ಬರೆಯುತ್ತಿದ್ದರಂತೆ. ಹೆಸರು ಅರ್ನೆಸ್ಟೀನ್. ಆಗ ದೊಡ್ಡ ಬಟ್ಟೆ ಅಂಗಡಿಯೊಂದರಲ್ಲಿ ಬೆಲೆಪಟ್ಟಿ, ಜಾಹೀರಾತಿನ ಅಕ್ಷರ ಬರೆಯುವ ಕೆಲಸ, ಭಾನುವಾರ ಚರ್ಚಿನಲ್ಲಿ ಮಕ್ಕಳಿಗೆ ಪಾಠ. ಅಂಥ ಹೆಂಗಸು ರ‍್ಯಾಪರುಗಳ ಮುಖ ಬರೆಯುತ್ತಾಳೆಂದರೆ ಯಾರು ಕೊಳ್ಳುತ್ತಾರೆಂದು ಒಂದೇ ಅಕ್ಷರದ ಸಹಿ ಹಾಕಿ, ಚಿತ್ರಗಳನ್ನು ನ್ಯೂಯಾರ್ಕಿಗೆ ಅಂಚೆಯಲ್ಲಿ ಕಳಿಸುತ್ತಿದ್ದಳು. ಆಕೆಯೂ ಬೋರ್ಡು ಬರೆಯುವವಳೇ ಎಂದು ತಿಳಿದು ನನಗೆ ಖಾಜಾನ ನೆನಪಾಯಿತು. ಆಕೆಯ ಮಾತಿನಲ್ಲಿ ಪದಗಳ ಕೊನೆ ನುಂಗಿಹೋಗುತ್ತಿತ್ತು, ಎಳೆತ ಜಾಸ್ತಿ. ನನ್ನ ಕಿವಿಗೆ ಅದು ನಮ್ಮ ಕಡೆಯ ಮಾತಿನ ಹಾಗೆಯೇ ಕೇಳಿಸಿತು. ಇಲ್ಲಿ ಹಾಗೆಯೇ ಬರೆಯುತ್ತೇನೆ.

ಒಳಗೆ ಕಿಟಕಿಯ ಜಾಲರಿಗೆ ಆಕೆ ಬಣ್ಣದಲ್ಲಿ ಒಂದು ಕೊಳ, ಎರಡು ಹಂಸ ಬರೆದಿದ್ದಳು. ಬೀದಿಯವರಿಗೆ ಕೊಳ ಕಾಣುತ್ತದೆ, ಒಳಗೆ ಕೂತವರು ಕಾಣುವುದಿಲ್ಲ. ಒಳಗಿನಿಂದ ನೋಡಿದರೆ ಕೊಳ ಕರಗಿ ಬೀದಿ ಕಾಣುತ್ತದೆ. ನಾವು ಕೂತಿದ್ದಷ್ಟು ಹೊತ್ತೂ ಜನ, ಮಕ್ಕಳು, ಒಂದು ನಾಯಿ ಆ ಹಂಸಗಳನ್ನು ಹಾದುಹೋಗುತ್ತಿದ್ದರು. ನನಗೆ ಎಚ್ಚರವೋ ನಿದ್ದೆಯೋ ಎನ್ನುವಂತಾಗಿತ್ತು.

ಐದು ಹಾಳೆಗಳನ್ನು ಆಕೆ ಒಂದೊಂದಾಗಿ ಮೇಜಿನ ಮೇಲಿಟ್ಟಳು. ಉಳಿದವುಗಳನ್ನು ಪತ್ರಿಕೆ ಹಿಂದಿರುಗಿಸಲೇ ಇಲ್ಲವಂತೆ. ಅದು ಮುಚ್ಚಿದ ಮೇಲೆ ಯಾರ‍್ಯಾರ ಕೈಗೋ ಹೋದವು. ಮುದ್ರಣಕ್ಕಿಂತ ಎರಡು ಪಟ್ಟು ದೊಡ್ಡ ರಟ್ಟುಕಾಗದ, ಅಚ್ಚಿನಲ್ಲಿ ಮೂಡದ ತಿಳಿನೀಲಿ ಪೆನ್ಸಿಲ್ಲಿನ ಗುರುತುಗಳು, ಮಸಿ ಒಣಗಿ ಹೊಳೆಯುವ ಕಪ್ಪು, ಅಂಚಿನಲ್ಲಿ ಸಂಪಾದಕರ ಟಿಪ್ಪಣಿ. ಮೂರನೆಯದನ್ನು ಇಟ್ಟಾಗ ಮೇಜಿನ ಮೇಲೆ ಬಗ್ಗಿದೆ. ಓರೆ ಟೋಪಿ, ದಪ್ಪ ಸರ, ಕರಿ ಕನ್ನಡಕ. ನನ್ನ ಮಲ್ಲಪ್ಪ ಹೇರ್ ಕಟಿಂಗ್.

ಈಗ ಹೇಳದೆ ವಿಧಿ ಇರಲಿಲ್ಲ. ಮೊದಲು ಫೋಟೋಗಳನ್ನು ತೋರಿಸಿದೆ. ಟೇಲರ್ ಅಂಗಡಿ, ಸೈಕಲ್ ಶಾಪು, ಹಲ್ಲಿನ ವೈದ್ಯರು. ನಿಮ್ಮ ಗೆರೆಯನ್ನು ನಿಮ್ಮನ್ನು ಕೇಳದೆ ನನ್ನ ಗೆಳೆಯ ಇಪ್ಪತ್ತು ವರ್ಷ ಬಳಸಿದ್ದಾನೆ, ಅದಕ್ಕೆ ಹಾಳೆ ಒದಗಿಸಿದವನು ನಾನು ಎಂದು ಒಪ್ಪಿಕೊಂಡೆ. ಆಕೆ ಒಂದೊಂದೇ ಫೋಟೋ ನೋಡುತ್ತ ಹೆಸರು ಹೇಳುತ್ತ ಹೋದಳು. ಮುಖದಲ್ಲಿ ಏನೂ ತಿಳಿಯುತ್ತಿರಲಿಲ್ಲ. ಆಮೇಲೆ ಚಾದರ ಬಿಚ್ಚಿ ಬೋರ್ಡು ಕೊಟ್ಟೆ.

ಅದನ್ನು ಎತ್ತಿಕೊಂಡು ಆಕೆ ಬಾಗಿಲಾಚೆ ಬಿಸಿಲಿಗೆ ಹೋದಳು. ನಾನು ಹಿಂದೆ ಹೋಗಲಿಲ್ಲ. ಜಾಲರಿಯ ಕೊಳದೊಳಗಿಂದ ಆಕೆ ಮೆಟ್ಟಿಲ ಮೇಲೆ ಕೂತು ತಗಡನ್ನು ತೊಡೆಯ ಮೇಲಿಟ್ಟುಕೊಂಡದ್ದು ಕಾಣುತ್ತಿತ್ತು. ಬಹಳ ಹೊತ್ತಾಯಿತು. ಸಿಟ್ಟು ಬಂದಿದ್ದರೆ ನ್ಯಾಯವೇ, ಖಾಜಾನಿಗೆ ಏನು ಹೇಳಲಿ ಎಂದು ಯೋಚಿಸುತ್ತಿದ್ದಾಗ ಕರೆದಳು.

ಈ ಕಣ್ಣು ಯಾರವು ಎಂದು ಕೇಳಿದಳು. ಮಲ್ಲಪ್ಪನ ತಕರಾರು, ಸ್ಕೂಟರಿನ ಕನ್ನಡಿ ಎಲ್ಲ ಹೇಳಿದೆ. ಅವೇ ಕಣ್ಣು ಈಗ ಆರುತ್ತಿವೆ ಎಂಬುದನ್ನೂ ಹೇಳಿದೆ.

ಆಕೆ ತನ್ನ ಕಥೆ ಹೇಳಿದಳು. ಚಿತ್ರದಲ್ಲಿದ್ದ ಆ ಹುಡುಗ ಮೂರು ಬೀದಿ ಆಚೆಯವನು. ಚಿಕ್ಕವನಿದ್ದಾಗ ಭಾನುವಾರದ ಪಾಠಕ್ಕೆ ಬರುತ್ತಿದ್ದ. ದೊಡ್ಡವನಾಗಿ ಹೆಸರು ಮಾಡಿದಾಗ ಅವನ ಮುಖ ಬರೆಯುವ ಸರದಿ ಬಂತು. "ಮೂರು ಸಲ ಕಣ್ಣು ಬರದೆ. ಮೂರು ಸಲಾನೂ ಬರಲಿಲ್ಲ. ಅಂವನ್ನ ನಾ ಅಷ್ಟು ಹತ್ತಿರದಿಂದ ನೋಡಿದ್ನಲ್ಲ, ಅದಕ್ಕ. ಅಂಚಿಗೆ ಹಾಕೂ ಹೊತ್ತಾತು. ಒಂದು ಕರಿ ಕಾಗದ ಕತ್ತರಿಸಿ ಕಣ್ಣಿನ ಮ್ಯಾಲ ಕನ್ನಡಕದಂಗ ಹಚ್ಚಿ ಕಳಿಸಿದೆ."

ಅವನು ಅಲ್ಲಿಯತನಕ ಕನ್ನಡಕ ಹಾಕುತ್ತಲೇ ಇರಲಿಲ್ಲವಂತೆ. ಚಿತ್ರ ಅಚ್ಚಾಗಿ ಬಂದ ಮೇಲೆ ಅದು ತನಗೆ ಒಪ್ಪುತ್ತದೆಂದು ಅಂಥದೇ ಒಂದನ್ನು ಕೊಂಡ. ಆಮೇಲೆ ವೇದಿಕೆಯಲ್ಲಿ, ಫೋಟೋದಲ್ಲಿ ಯಾರೂ ಅವನ ಕಣ್ಣು ನೋಡಲಿಲ್ಲ. ಚಿಕ್ಕ ವಯಸ್ಸಿಗೇ ತೀರಿಹೋದ.

"ನನ್ನ ತಪ್ಪನ್ನ ಅಂವ ಸಾಯೂತನಕ ಮುಖದ ಮ್ಯಾಲ ಹಾಕ್ಕೊಂಡಿದ್ದ," ಎಂದಳು. ತಗಡಿನ ಮೇಲೆ ಬೆರಳಾಡಿಸಿದಳು. "ಇವು ಅವನ ಕಣ್ಣಲ್ಲ. ಆದರ ಅವನಿಗೆ ಕಣ್ಣು ಬೇಕಿದ್ದವು."

ಬೀದಿಯ ಕೊನೆಯಲ್ಲಿ ಗಾಡಿಯ ಗಂಟೆ ಕೇಳಿಸುತ್ತಿತ್ತು. ಮೋಡ ಕವಿದು ನಾಲ್ಕು ಹನಿ ಬಿದ್ದವು. ನಾನು ಕೊಡೆ ಬಿಚ್ಚಿದೆ. ನಾವಿಬ್ಬರೂ ಅದರ ಕೆಳಗೆ ಕೂತಿದ್ದೆವು.

ಮರುದಿನ ಬೆಳಿಗ್ಗೆ

ಬಾಲ್ಟಿಮೋರಿನಲ್ಲಿ ಬೆಳಗಾದಾಗ ಮಾನ್ವಿಯಲ್ಲಿ ಸಂಜೆ. ಖಾಜಾನಿಗೆ ಫೋನು ಮಾಡಿ, ದುಮ್‌ವಾಲಾ ಸಾಬ್ ಹೆಂಗಸು ಎಂದು ತಿಳಿಸಿದೆ. ಆಚೆ ಕಡೆ ಲಾರಿಗಳ ಸದ್ದು ಕೇಳಿಸುತ್ತಿತ್ತು.

"ಇಷ್ಟು ವರ್ಷ ನಮಾಜಿನ್ಯಾಗ ಸಾಬ್ ಅಂತ ಹೇಳಿ ದುವಾ ಬೇಡೀನಿ," ಎಂದ. "ಮುಟ್ಟಿರತಾವಲ್ಲ ಮಾಸ್ತರ?"

ಮುಟ್ಟಿವೆ ಎಂದೆ. ಬೇರೆ ಏನೂ ಹೇಳಲಿಲ್ಲ. ಹಾಳೆ ಸಿಗುತ್ತದೋ ಇಲ್ಲವೋ ನನಗೇ ಗೊತ್ತಿರಲಿಲ್ಲ.

ಆ ದಿನ ಮತ್ತೆ ಹೋದಾಗ ಅರ್ನೆಸ್ಟೀನ್ ಎರಡು ರಟ್ಟುಗಳ ನಡುವೆ ಆ ಕರಿ ಕನ್ನಡಕದ ಹಾಳೆಯನ್ನಿಟ್ಟು ಸುತ್ತಲೂ ಅಂಟುಪಟ್ಟಿ ಹಚ್ಚುತ್ತಿದ್ದಳು. ಬೋರ್ಡು ಒಳಗೋಡೆಯ ಮೇಲೆ ಆಗಲೇ ಏರಿತ್ತು. ನನ್ನನ್ನು ಕೇಳಿರಲೂ ಇಲ್ಲ. ಇದು ಮಾರಾಟವಲ್ಲ, ಬೋರ್ಡು ಬರೆಯುವ ಇಬ್ಬರ ನಡುವಿನ ಕೊಡುಕೊಳ್ಳುವಿಕೆ, ನೀನು ಬರೇ ಅಂಚೆಯವನು ಎಂದು ನನಗೆ ಸ್ಪಷ್ಟಪಡಿಸಿದಳು. ಸುತ್ತಬಾರದು, ಮಡಚಬಾರದು. ಮತ್ತೊಂದು ಮಾತು: ಕೂಡಿಡುವವರು ಬಹಳ ಜನ ಬಂದಿದ್ದರು, ಅವರೆಲ್ಲ ಚಿತ್ರವನ್ನು ಕತ್ತಲಲ್ಲಿಡುತ್ತಾರೆ, ಇದನ್ನು ಪೆಟ್ಟಿಗೆಯಲ್ಲಿಡಬೇಡ.

ತಲೆಯಾಡಿಸಿದೆ. ಆದರೆ ವಿಮಾನದಲ್ಲಿ ಆ ರಟ್ಟನ್ನು ತೊಡೆಯ ಮೇಲಿಟ್ಟುಕೊಂಡು ಮೋಡಗಳ ಮೇಲೆ ತೇಲುತ್ತಿರುವಾಗ ನನ್ನ ಮನಸ್ಸು ಬೇರೆ ಹಾದಿ ಹಿಡಿದಿತ್ತು. ಇದು ನನ್ನ ಜೀವಮಾನದ ಸಂಗ್ರಹಕ್ಕೆ ಕಿರೀಟ. ಖಾಜಾನ ಮನೆಯಲ್ಲಿ ಮಳೆಗೆ ಗೋಡೆ ತೇವ ಹಿಡಿಯುತ್ತದೆ, ಬೇಸಿಗೆಯಲ್ಲಿ ಧೂಳು. ಅವನಿಗೆ ಒಂದು ದಿನ ತೋರಿಸಿ, ಸಂಜೆಗೆ ರಾಯಚೂರಿಗೆ ತಂದು ಜೋಪಾನವಾಗಿಡುವುದೇ ಚಿತ್ರಕ್ಕೂ ಒಳ್ಳೆಯದು. ಹೇಗೂ ಅವನ ಕಣ್ಣು ಇನ್ನೆಷ್ಟು ದಿನ? ಹೀಗೆ ಯೋಚಿಸಿದೆ, ಮುಚ್ಚಿಡುವುದಿಲ್ಲ. ಕಿಟಕಿಯ ಹೊರಗೆ ಬಿಳಿ ಮೋಡ ಬಿಟ್ಟರೆ ಬೇರೇನೂ ಇರಲಿಲ್ಲ. ಅಂಥ ಎತ್ತರದಲ್ಲಿ ಯಾವ ಯೋಚನೆಯೂ ತಪ್ಪೆನಿಸುವುದಿಲ್ಲ.

ಮಾನ್ವಿ

ಬಂದ ಮೂರನೆಯ ದಿನ ಬೆಳಗಿನ ಬಸ್ಸಿಗೆ ಮಾನ್ವಿಗೆ ಹೋದೆ. ಕಾಲುವೆಗೆ ನೀರು ಬಿಟ್ಟಿದ್ದರು, ರಸ್ತೆಯ ಎರಡೂ ಕಡೆ ಗದ್ದೆ ಕನ್ನಡಿಯಾಗಿತ್ತು. ಖಾಜಾ ಅಂಗಳದಲ್ಲಿ ಮಂಚದ ಮೇಲೆ ಕಾಯುತ್ತಿದ್ದ. ಮಗಳು ಪರ್ವೀನ್ ಅವನಿಗೆ ಇಸ್ತ್ರಿ ಮಾಡಿದ ಅಂಗಿ ತೊಡಿಸಿದ್ದಳು. ಬೆಳಕು ಬೀಳುವ ಕಡೆ ಮುಖ ಮಾಡಿಸಿ, ಮಡಿಲಲ್ಲಿ ಒಂದು ಹಲಗೆ ಇಟ್ಟು, ಅದರ ಮೇಲೆ ಹಾಳೆ ಬಿಚ್ಚಿಟ್ಟೆ.

ಆತ ಮುಖವನ್ನು ಗೇಣಿನಷ್ಟು ಹತ್ತಿರ ತಂದ. ಒಂದು ಸಲಕ್ಕೆ ಅವನಿಗೆ ಕಾಣುವುದು ಬಿಲ್ಲೆಯಷ್ಟು. ಟೋಪಿಯ ತುದಿಯಿಂದ ಶುರು ಮಾಡಿದ. ಗೆರೆಯ ಮೇಲೆ ಕಣ್ಣಿಟ್ಟು, ಅದು ಹೋದ ಕಡೆ ಕತ್ತು ತಿರುಗಿಸುತ್ತ, ಇರುವೆಯಂತೆ ಸರಿಯುತ್ತ ಹೋದ. ಟೋಪಿ ದಾಟಲು ಒಂದು ತಾಸು ಹಿಡಿಯಿತು. ನಡುನಡುವೆ ತನ್ನಷ್ಟಕ್ಕೇ ಹೇಳಿಕೊಳ್ಳುತ್ತಿದ್ದ: ಇಲ್ಲಿ ನೀಲಿ ಪೆನ್ಸಿಲ್ ಅದ. ಇಲ್ಲಿ ನಿಬ್ಬು ಹೊಳ್ಳಿಸ್ಯಾರ. ಇಲ್ಲಿ ಮಸಿ ಮುಗದು ಮತ್ತ ಅದ್ದ್ಯಾರ. ಪರ್ವೀನ್ ಇಟ್ಟುಹೋದ ಚಹಾ ಆರಿತು. ಬಸ್‌ಸ್ಟ್ಯಾಂಡಿನ ಕಡೆಯಿಂದ ಭತ್ತದ ಲಾರಿಗಳ ಹಾರ್ನ್ ಬರುತ್ತಿತ್ತು. ಬಿಸಿಲು ಅಂಗಳದಲ್ಲಿ ಜರುಗಿದಂತೆ ಮಂಚವನ್ನೂ ಜರುಗಿಸಿದೆವು.

ಮಧ್ಯಾಹ್ನದ ಹೊತ್ತಿಗೆ ಕನ್ನಡಕಕ್ಕೆ ಬಂದ. ಅಲ್ಲಿ ನಿಂತುಬಿಟ್ಟ.

"ಮಾಸ್ತರ, ಇಲ್ಲಿ ಕಾಗದದ ಮ್ಯಾಲ ಕಾಗದ ಅದ."

ಆಗ ಹೇಳಿದೆ. ಆಕೆ ಮೂರು ಸಲ ಕಣ್ಣು ಬರೆದದ್ದು, ಬಾರದೆ ಮೇಲೆ ಕರಿ ಕಾಗದ ಹಚ್ಚಿದ್ದು, ಆ ಹುಡುಗ ಅದನ್ನೇ ಕೊಂಡು ಹಾಕಿಕೊಂಡದ್ದು, ತಗಡು ನೋಡಿ ಆಕೆ ಆಡಿದ ಮಾತು. ಹೇಳಿ ಮುಗಿಸಿದರೂ ಖಾಜಾ ತಲೆ ಎತ್ತಲಿಲ್ಲ.

"ಮೂರು ಸಲ?"

"ಮೂರು ಸಲ."

ಆತ ನಿಧಾನವಾಗಿ ನೆಟ್ಟಗೆ ಕೂತ. ನನ್ನ ಕಡೆ ತಿರುಗಿದ, ಆದರೆ ನಾನು ಅವನ ಬಿಲ್ಲೆಯಾಚೆ ಇದ್ದೆ.

"ಮಲ್ಲಪ್ಪನ ಬೋರ್ಡಿನ ಕಣ್ಣು ನಾ ನಾಕು ಸಲ ಅಳಿಸಿದ್ದೆ, ಸೀಮಿಎಣ್ಣಿ ಅರಿವಿಲೆ. ನಿಮಗೂ ಹೇಳಿದ್ದಿಲ್ಲ. ದುಮ್‌ವಾಲಾ ಸಾಬ್ ಒಂದ ಗೆರಿಗೆ ಬರೀತಾರ, ನಾ ಕಳ್ಳ, ಅದಕ್ಕ ಅಳಸ್ತೀನಿ ಅಂತ ತಿಳದಿದ್ದೆ. ಹೋದ ವರ್ಷ ಬ್ರಶ್ ಎಲ್ಲಾ ಒಲಿಗೆ ಹಾಕಿದಾಗೂ ಅದನ್ನ ಅಂದ್ಕೊಂಡಿದ್ದೆ."

ಬ್ರಶ್ಶುಗಳನ್ನು ಸುಟ್ಟದ್ದು ನನಗೆ ಗೊತ್ತಿರಲಿಲ್ಲ. ಪರ್ವೀನ್ ಬಾಗಿಲಲ್ಲಿ ನಿಂತು ತಲೆ ತಗ್ಗಿಸಿದಳು. ಖಾಜಾ ಆ ಕರಿ ಕಾಗದದ ಅಂಚನ್ನು ಕಿರುಬೆರಳ ತುದಿಯಿಂದ ಒಮ್ಮೆ ಸವರಿದ. ಹಳೆಯ ಅಂಟು ಒಣಗಿ ಅದು ಒಂದು ಮೂಲೆಯಲ್ಲಿ ಎದ್ದಿತ್ತು. ಎತ್ತಿದರೆ ಕೆಳಗಿನದು ಕಾಣುತ್ತಿತ್ತು. ಅವನು ಎತ್ತಲಿಲ್ಲ. ಬೆರಳಿಂದ ಒತ್ತಿ ಕೂಡಿಸಿದ.

"ಆಕಿಗೂ ಅಂಜಿಕಿ ಇತ್ತು ಇಲ್ಲಿ," ಎಂದ. ಅವನ ದನಿಯಲ್ಲಿ ಅಂಥ ನಿರಾಳ ನಾನು ಎಂದೂ ಕೇಳಿರಲಿಲ್ಲ. ಮತ್ತೆ ಮುಖ ಬಗ್ಗಿಸಿ ಮೂಗಿನ ಗೆರೆ ಹಿಡಿದ.

ರಾಯಚೂರಿನ ಸಂಜೆ ಬಸ್ಸಿಗೆ ಹೊತ್ತಾಗುತ್ತಿತ್ತು. ಎರಡು ರಟ್ಟುಗಳೂ ಪಟ್ಟಿಯೂ ನನ್ನ ಚೀಲದಲ್ಲಿದ್ದವು. ಹಾಳೆ ಕಟ್ಟಿಕೊಳ್ಳಲೆಂದು ಚೀಲದೊಳಗೆ ಕೈ ಹಾಕಿದೆ, ಆದರೆ ಮನಸ್ಸು ಬರಲಿಲ್ಲ. ರಟ್ಟುಗಳನ್ನು ಪರ್ವೀನಳ ಕೈಗೆ ಕೊಟ್ಟು, ಸಂಜೆ ತೇವ ತಾಗದಂತೆ ಇದರಲ್ಲಿಟ್ಟು, ಬೆಳಿಗ್ಗೆ ಮತ್ತೆ ಅಪ್ಪನಿಗೆ ತೆಗೆದುಕೊಡು ಎಂದು ಹೇಳಿದೆ. ಚಪ್ಪಲಿ ಮೆಟ್ಟಿ, ಬರುವ ಭಾನುವಾರ ಬರುತ್ತೇನೆಂದು ಖಾಜಾನಿಗೆ ತಿಳಿಸಿದೆ.

ಅವನು ಹಾಳೆಯಿಂದ ಮುಖ ತೆಗೆಯಲಿಲ್ಲ.

"ಹೋಗಿ ಬರ್ರಿ ಮಾಸ್ತರ," ಎಂದ. "ನಾ ಇನ್ನೂ ಗದ್ದದ ಮ್ಯಾಲ ಅದೀನಿ."